ವಂಶವಾಹಿಯ ಸಾಕ್ಷ್ಯ

ಮನುಷ್ಯನಿಗೆ ಹುಟ್ಟಿನೊಡನೆ ಬರುವುದು ದೇಹ; ಹುಟ್ಟಿದ ಮೇಲೆ ದೊರೆಯುವುದು ಹೆಸರು. ಬದುಕಿರುವಷ್ಟು ಕಾಲ ಇವೆರಡೂ ಒಂದನ್ನೊಂದು ಬಿಟ್ಟಿರುವುದಿಲ್ಲ. ಊರಿನವರು ಮುಖವನ್ನು ನೋಡಿ ಹೆಸರು ಹೇಳುತ್ತಾರೆ. ಮುಖ ಕಾಣದಿದ್ದರೆ ನಡಿಗೆಯಿಂದಲೂ, ನಡಿಗೆ ಕಾಣದಿದ್ದರೆ ದನಿಯಿಂದಲೂ ಗುರುತಿಸುತ್ತಾರೆ. ಆದರೆ ಬೆಂಕಿ, ನೆರೆ, ಭೂಕಂಪ ಮೊದಲಾದ ವಿಪತ್ತುಗಳಲ್ಲಿ ಮಡಿದವರ ದೇಹದಿಂದ ಈ ಗುರುತುಗಳೆಲ್ಲ ಅಳಿಸಿಹೋಗುವುದುಂಟು. ಆಗ ದೇಹವೊಂದು ಕಡೆ, ಹೆಸರೊಂದು ಕಡೆ ಉಳಿಯುತ್ತವೆ. ಅವೆರಡನ್ನೂ ಮತ್ತೆ ಕೂಡಿಸುವ ವಿದ್ಯೆಯೊಂದನ್ನು ವಿಜ್ಞಾನಿಗಳು ಕಳೆದ ನಾಲ್ಕು ದಶಕಗಳಲ್ಲಿ ರೂಪಿಸಿದ್ದಾರೆ.

ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ತೆಕ್ಕಟ್ಟೆಯು ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಊರು. ಅದರ ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಈ ಸೀಮೆಯ ಜನರಿಗೆ ದೂರದ ಪಯಣ ಹೊಸದಲ್ಲ. ಕೆಲವರು ಮೀನು ಹಿಡಿಯಲು ಕಡಲಿಗಿಳಿದರು. ಕೆಲವರು ಹೋಟೆಲಿನ ಕಸುಬನ್ನು ಹಿಡಿದು ಬೆಂಗಳೂರು, ಮುಂಬಯಿಗಳಿಗೆ ನಡೆದರು. ಮತ್ತೆ ಕೆಲವರು ದುಡಿಮೆಯನ್ನರಸಿ ಕೊಲ್ಲಿ ದೇಶಗಳಿಗೆ ಹೋದರು. ಹೋದವರು ಹಿಂದಿರುಗುವ ತನಕ ಮನೆಯವರಿಗೆ ಕಾತರ ತಪ್ಪಿದ್ದಲ್ಲ. ಹಿಂದಿರುಗದೆ ಹೋದರಂತೂ ದುಃಖ ಎರಡು ಬಗೆಯದಾಗುತ್ತದೆ. ಸತ್ತನೆಂಬ ಸಂಕಟ ಒಂದು. ಸತ್ತನೋ ಇಲ್ಲವೋ ಎಂಬ ಸಂದೇಹ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಕಠಿನವಾದುದು. ದೇಹ ದೊರೆಯದಿದ್ದರೆ ಬೊಜ್ಜ ಮಾಡುವುದೆಂತು? ಮರಣಪತ್ರವಿಲ್ಲದೆ ವಿಮೆಯ ಹಣ, ಆಸ್ತಿಯ ಹಕ್ಕು ಇತ್ಯರ್ಥವಾಗುವುದೆಂತು? ಏಳು ವರ್ಷಗಳ ಕಾಲ ಸುಳಿವಿಲ್ಲದವನನ್ನು ಮೃತನೆಂದು ಭಾವಿಸಲು ಕಾನೂನು ಅವಕಾಶ ಕೊಡುತ್ತದೆ. ಅಷ್ಟು ಕಾಲ ಒಂದು ಮನೆ ಬಾಗಿಲ ಕಡೆಗೆ ಕಣ್ಣಿಟ್ಟು ಕುಳಿತಿರಬೇಕಾಗುತ್ತದೆ.

ಇಂತಹ ಸಂಕಟವನ್ನು ಕರಾವಳಿಯು ಒಂದೇ ಮುಂಜಾನೆಯಲ್ಲಿ ಕಂಡಿತು. ೨೦೧೦ನೆಯ ಇಸವಿ ಮೇ ೨೨ರಂದು ದುಬೈನಿಂದ ಬಂದ ವಿಮಾನವೊಂದು ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ಇಳಿಯುವಾಗ ಓಡುಹಾದಿಯ ಕೊನೆಯನ್ನು ದಾಟಿ, ಗುಡ್ಡದ ಅಂಚಿನಿಂದ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಅದರಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ಮಡಿದರು. ಎಂಟು ಮಂದಿ ಮಾತ್ರ ಉಳಿದುಕೊಂಡರು. ಆಸ್ಪತ್ರೆಯ ಅಂಗಳದಲ್ಲಿ ಸಾಲಾಗಿರಿಸಿದ ದೇಹಗಳ ಬಳಿ ಬಂಧುಗಳು ಬಂದರು. ಉಂಗುರ, ಕೈಗಡಿಯಾರ, ಅಂಗಿಯ ತುಂಡು, ಹಲ್ಲಿನ ಸಾಲು, ಇಂತಹ ಕುರುಹುಗಳಿಂದ ಬಹುಪಾಲು ದೇಹಗಳನ್ನು ಗುರುತಿಸಿ ಕೊಂಡೊಯ್ದರು. ಆದರೆ ಇಪ್ಪತ್ತಕ್ಕೂ ಹೆಚ್ಚು ದೇಹಗಳಲ್ಲಿ ಕಣ್ಣಿಗೆ ಕಾಣುವ ಯಾವ ಗುರುತೂ ಉಳಿದಿರಲಿಲ್ಲ. ಅವುಗಳ ಅಂಶಗಳನ್ನೂ, ಬಂಧುಗಳ ರಕ್ತದ ಮಾದರಿಗಳನ್ನೂ ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರಕ್ಕೆ ಕಳುಹಿಸಲಾಯಿತು. ಸುಟ್ಟು ಕರಕಲಾದ ದೇಹದಲ್ಲಿ ಹೆಸರನ್ನು ಹುಡುಕುವುದು ಹೇಗೆ ಸಾಧ್ಯ? ಇದನ್ನು ತಿಳಿಯಲು ಗುರುತಿಸುವ ವಿದ್ಯೆಯ ಇತಿಹಾಸವನ್ನು ಸ್ವಲ್ಪ ಅವಲೋಕಿಸಬೇಕು.

ಮುಖಲಕ್ಷಣ, ಮಚ್ಚೆ, ಗಾಯದ ಕಲೆ ಇವು ಬಹು ಹಿಂದಿನಿಂದ ಬಂದ ಗುರುತುಗಳು. ಇವು ಬದಲಾಗಬಹುದು, ಮರೆಯಾಗಬಹುದು. ಬದಲಾಗದ ಗುರುತೊಂದು ಬೆರಳ ತುದಿಯಲ್ಲೇ ಇದೆ ಎಂಬುದನ್ನು ಆಧುನಿಕ ಆಡಳಿತವು ಮೊದಲು ಮನಗಂಡುದು ಭಾರತದಲ್ಲಿ. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷಲ್ ೧೮೫೮ರಲ್ಲಿ ಕರಾರುಪತ್ರದ ಮೇಲೆ ಅಂಗೈಯ ಮುದ್ರೆಯನ್ನು ಒತ್ತಿಸಿಕೊಂಡನು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪನೆಯಾಯಿತು. ಜಗತ್ತಿನಲ್ಲಿ ಅದೇ ಮೊದಲನೆಯದು. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮವನ್ನು ಬೆಳೆಸಿದರು. ಆದರೆ ಬೆರಳಚ್ಚಿಗೂ ಎರಡು ಮಿತಿಗಳಿವೆ. ಚರ್ಮ ಸುಟ್ಟರೆ ಅದು ಉಳಿಯದು. ಅದಕ್ಕಿಂತ ಮುಖ್ಯವಾಗಿ, ತಂದೆಯ ಬೆರಳಚ್ಚನ್ನು ನೋಡಿ ಮಗನನ್ನು ಗುರುತಿಸಲಾಗದು.

ತಾಯಿತಂದೆಗಳಿಂದ ಮಕ್ಕಳಿಗೆ ನಿಯಮಬದ್ಧವಾಗಿ ಬರುವ ಗುರುತೊಂದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಸ್ಟ್ರಿಯದ ವೈದ್ಯ ಕಾರ್ಲ್ ಲ್ಯಾಂಡ್‌ಸ್ಟೈನರ್ ಕಂಡುಹಿಡಿದನು. ಅದೇ ರಕ್ತದ ಗುಂಪು. ಓ ಗುಂಪಿನ ತಾಯಿಗೂ ಎಬಿ ಗುಂಪಿನ ತಂದೆಗೂ ಸಾಮಾನ್ಯವಾಗಿ ಓ ಗುಂಪಿನ ಮಗು ಹುಟ್ಟುವುದಿಲ್ಲ. ಆದುದರಿಂದ 'ಇವನು ಆ ಮಗುವಿನ ತಂದೆಯಲ್ಲ' ಎಂದು ಹೇಳಲು ರಕ್ತದ ಗುಂಪು ಕೆಲವು ವೇಳೆ ಸಹಾಯಕವಾಗುತ್ತದೆ. ಆದರೆ 'ಇವನೇ ತಂದೆ' ಎಂದು ಹೇಳಲು ಅದಕ್ಕೆ ಶಕ್ತಿ ಸಾಲದು. ಏಕೆಂದರೆ ಒಂದೊಂದು ಗುಂಪಿನಲ್ಲೂ ಕೋಟ್ಯಂತರ ಜನರಿದ್ದಾರೆ. ಬೇಕಾದುದು ರಕ್ತದ ಗುಂಪಿನಂತೆ ವಂಶದಲ್ಲಿ ಹರಿದುಬರುವ, ಬೆರಳಚ್ಚಿನಂತೆ ಒಬ್ಬನಿಗೇ ಮೀಸಲಾದ ಗುರುತು.

ಅಂತಹ ಗುರುತು ಜೀವಕೋಶದೊಳಗೆ ಅಡಗಿತ್ತು. ಮಾನವನ ಜೀವಕೋಶದ ಕೇಂದ್ರದಲ್ಲಿ ೨೩ ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಮತ್ತೊಂದು ತಂದೆಯಿಂದ ಬಂದುದು. ವರ್ಣತಂತುವಿನಲ್ಲಿರುವ ಡಿ.ಎನ್.ಎ. ಎಂಬ ರಾಸಾಯನಿಕ ವಸ್ತುವು ಹೆಣೆದ ಎರಡೆಳೆಗಳ ಏಣಿಯಂತಿದೆ ಎಂಬುದನ್ನು ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿಕೊಟ್ಟರು. ಈ ಏಣಿಯ ಮೆಟ್ಟಿಲುಗಳು ನಾಲ್ಕೇ ಬಗೆಯ ಘಟಕಗಳಿಂದ ಆಗಿವೆ. ಅವುಗಳನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿಂದ ಸೂಚಿಸುವುದು ವಾಡಿಕೆ. ತಾಯಿಯಿಂದಾಗಲಿ ತಂದೆಯಿಂದಾಗಲಿ ಬರುವ ಒಂದು ಸರಣಿಯಲ್ಲಿ ಸುಮಾರು ಮುನ್ನೂರು ಕೋಟಿ ಅಕ್ಷರಗಳಿವೆ. ಯಾವ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಸಾವಿರದಲ್ಲಿ ಸುಮಾರು ೯೯೯ ಅಕ್ಷರಗಳು ಒಂದೇ ಆಗಿರುತ್ತವೆ. ಮನುಷ್ಯಕುಲ ಒಂದೇ ಎಂಬ ಹಿರಿಯರ ಮಾತಿಗೆ ಇದು ಜೀವಕೋಶವೇ ಕೊಡುವ ಸಾಕ್ಷಿ. ಉಳಿದ ಅಲ್ಪ ಭಾಗದಲ್ಲಿ ವ್ಯಕ್ತಿ ವ್ಯಕ್ತಿಗಳ ನಡುವಣ ಭೇದ ಅಡಗಿದೆ.

ಈ ಭೇದದ ಸ್ವರೂಪವೇನು? ಡಿ.ಎನ್.ಎ.ಯ ಕೆಲವೆಡೆಗಳಲ್ಲಿ ಒಂದು ಸಣ್ಣ ಅಕ್ಷರಗುಚ್ಛವು ಮತ್ತೆ ಮತ್ತೆ ಬರುತ್ತದೆ. ಯಕ್ಷಗಾನದ ಚೆಂಡೆಯವನು ಒಂದೇ ಬೋಲನ್ನು ಒಮ್ಮೆ ಆರು ಬಾರಿ, ಇನ್ನೊಮ್ಮೆ ಒಂಬತ್ತು ಬಾರಿ ನುಡಿಸುವಂತೆ, ಒಂದೇ ಗುಚ್ಛವು ಒಬ್ಬನಲ್ಲಿ ಆರು ಬಾರಿ, ಮತ್ತೊಬ್ಬನಲ್ಲಿ ಒಂಬತ್ತು ಬಾರಿ ಆವರ್ತಿಸುತ್ತದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದಲ್ಲಿದ್ದ ಅಲೆಕ್ ಜೆಫ್ರೀಸ್ ೧೯೮೪ರ ಸೆಪ್ಟೆಂಬರ್ ೧೦ರಂದು ತನ್ನ ಪ್ರಯೋಗದ ಎಕ್ಸ್‌ರೇ ಪಟಲವನ್ನು ನೋಡುತ್ತಿರುವಾಗ, ಈ ಆವರ್ತನೆಗಳಿಂದ ಉಂಟಾದ ಪಟ್ಟೆಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುವುದನ್ನೂ, ಮಕ್ಕಳಲ್ಲಿ ಕಂಡ ಪ್ರತಿಯೊಂದು ಪಟ್ಟೆಯೂ ತಾಯಿಯಲ್ಲೋ ತಂದೆಯಲ್ಲೋ ಇರುವುದನ್ನೂ ಕಂಡನು. ಬೆರಳಚ್ಚಿನ ಹೋಲಿಕೆಯಿಂದ ಅದಕ್ಕೆ 'ಡಿ.ಎನ್.ಎ. ಬೆರಳಚ್ಚು' ಎಂಬ ಹೆಸರು ಬಂದಿತು.

ಈ ವಿದ್ಯೆಯು ಮೊದಲು ಬಳಕೆಗೆ ಬಂದುದು ಅಪರಾಧಿಯನ್ನು ಹಿಡಿಯುವುದಕ್ಕಲ್ಲ, ಮಗನನ್ನು ತಾಯಿಗೆ ಒಪ್ಪಿಸುವುದಕ್ಕೆ. ೧೯೮೫ರಲ್ಲಿ ಘಾನಾ ದೇಶದ ಮೂಲದ ಬಾಲಕನೊಬ್ಬನು ಇಂಗ್ಲೆಂಡಿನಲ್ಲಿದ್ದ ತಾಯಿಯ ಬಳಿಗೆ ಹಿಂದಿರುಗಿದಾಗ, ಅವನು ಆಕೆಯ ಮಗನೇ ಅಲ್ಲವೆಂದು ಅಧಿಕಾರಿಗಳು ಶಂಕಿಸಿದರು. ತಂದೆಯ ಮಾದರಿ ದೊರೆಯಲಿಲ್ಲ. ತಾಯಿಯ ಮತ್ತು ಉಳಿದ ಮಕ್ಕಳ ಮಾದರಿಗಳೊಡನೆ ಹೋಲಿಸಿ ನೋಡಿದಾಗ ಬಾಲಕನು ಆ ಮನೆಯವನೇ ಎಂಬುದು ಸಿದ್ಧವಾಯಿತು. ಮುಂದೆ ಅದೇ ದೇಶದಲ್ಲಿ ಇಬ್ಬರು ಬಾಲಕಿಯರ ಕೊಲೆ ನಡೆದಾಗ ಒಬ್ಬ ಯುವಕನು ತಾನೇ ಒಂದು ಕೊಲೆಯನ್ನು ಮಾಡಿದೆನೆಂದು ಪೊಲೀಸರ ಮುಂದೆ ಒಪ್ಪಿಕೊಂಡಿದ್ದನು. ಜೆಫ್ರೀಸನ ಪರೀಕ್ಷೆಯು ಎರಡು ಕೊಲೆಗಳನ್ನೂ ಒಬ್ಬನೇ ಮಾಡಿದ್ದಾನೆ, ಆದರೆ ಅವನು ಈ ಯುವಕನಲ್ಲ ಎಂದು ತೋರಿಸಿತು. ನಿಜವಾದ ಕೊಲೆಗಾರನು ೧೯೮೭ರಲ್ಲಿ ಸೆರೆಸಿಕ್ಕನು. ಹೀಗೆ ಕೊಲೆಯ ಪ್ರಕರಣದಲ್ಲಿ ಈ ವಿದ್ಯೆ ಮಾಡಿದ ಮೊದಲ ಕೆಲಸವೆಂದರೆ ನಿರಪರಾಧಿಯೊಬ್ಬನನ್ನು ಕಾಪಾಡಿದುದು.

ಭಾರತದಲ್ಲಿ ಈ ವಿದ್ಯೆಗೆ ನೆಲೆ ಒದಗಿಸಿದವರು ಲಾಲ್‌ಜಿ ಸಿಂಗ್. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ೧೯೪೭ರಲ್ಲಿ ಹುಟ್ಟಿದ ಅವರು ಮೊದಲು ಸಂಶೋಧನೆ ಮಾಡುತ್ತಿದ್ದುದು ಹಾವುಗಳ ವರ್ಣತಂತುಗಳ ಮೇಲೆ. ಹೆಣ್ಣು ಕಟ್ಟುಹಾವಿನ ಡಿ.ಎನ್.ಎ.ಯಲ್ಲಿ ಅವರು ಗುರುತಿಸಿದ ಆವರ್ತನೆಯ ಸರಣಿಯೊಂದು ಮಾನವನಲ್ಲೂ ಇತ್ತು. ಅದನ್ನೇ ಸಾಧನವಾಗಿಸಿಕೊಂಡು, ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದಲ್ಲಿ ಅವರು ಮನುಷ್ಯರನ್ನು ಗುರುತಿಸುವ ವಿಧಾನವನ್ನು ಸ್ವತಂತ್ರವಾಗಿ ರೂಪಿಸಿದರು. ೧೯೮೯ರಲ್ಲಿ ಕೇರಳದ ತಲಶ್ಶೇರಿಯ ನ್ಯಾಯಾಲಯದಲ್ಲಿ ಮಗುವೊಂದರ ಪಿತೃತ್ವದ ವಿವಾದವು ಈ ವಿಧಾನದ ನೆರವಿನಿಂದ ಇತ್ಯರ್ಥವಾಯಿತು. ಮಂಗಳೂರಿನ ದುರಂತದಲ್ಲಿ ನೆರವಾದ ಹೈದರಾಬಾದಿನ ಕೇಂದ್ರವು ಇದೇ ಪ್ರಯತ್ನದ ಫಲ. ವಿಷದ ಹಾವಿನಲ್ಲಿ ನಡೆದ ಶೋಧನೆಯು ಮನುಷ್ಯರ ಕಣ್ಣೀರನ್ನು ಒರೆಸಲು ಒದಗಿತೆಂಬುದು ಸ್ಮರಣೀಯವಾದ ಸಂಗತಿ.

ಮೊದಲಿನ ವಿಧಾನಕ್ಕೆ ಸಾಕಷ್ಟು ರಕ್ತ ಬೇಕಿತ್ತು, ಡಿ.ಎನ್.ಎ. ತುಂಡಾಗದೆ ಇರಬೇಕಿತ್ತು. ಸುಟ್ಟ ದೇಹದಲ್ಲಿ, ಬಹುಕಾಲ ನೀರಿನಲ್ಲಿದ್ದ ದೇಹದಲ್ಲಿ ಅಂತಹ ಡಿ.ಎನ್.ಎ. ದೊರೆಯುವುದು ವಿರಳ. ಈ ತೊಡಕನ್ನು ಎರಡು ಸುಧಾರಣೆಗಳು ನಿವಾರಿಸಿದವು. ಅಮೆರಿಕದ ಕ್ಯಾರಿ ಮಲ್ಲಿಸ್ ೧೯೮೩ರಲ್ಲಿ ಯೋಚಿಸಿದ ವಿಧಾನದಿಂದ ಡಿ.ಎನ್.ಎ.ಯ ಬೇಕಾದ ತುಣುಕನ್ನು ಇಮ್ಮಡಿ, ಮತ್ತೆ ಇಮ್ಮಡಿ, ಹೀಗೆ ಹೆಚ್ಚಿಸುತ್ತ ಹೋಗಬಹುದು. ಮೂವತ್ತು ಸುತ್ತುಗಳಲ್ಲಿ ಒಂದು ಪ್ರತಿಯಿಂದ ಲೆಕ್ಕದ ಪ್ರಕಾರ ನೂರು ಕೋಟಿಗೂ ಮೀರಿದ ಪ್ರತಿಗಳಾಗುತ್ತವೆ. ಎರಡನೆಯದಾಗಿ, ನಾಲ್ಕೈದು ಅಕ್ಷರಗಳಷ್ಟೇ ಉದ್ದವಿರುವ ಚಿಕ್ಕ ಗುಚ್ಛಗಳ ಆವರ್ತನೆಯನ್ನು ಎಣಿಸುವ ಕ್ರಮ ಬಂದಿತು. ಚಿಕ್ಕ ತುಣುಕುಗಳಾದುದರಿಂದ ಇವು ಹಾಳಾದ ಮಾದರಿಯಲ್ಲೂ ಉಳಿದಿರುತ್ತವೆ. ಹಲ್ಲಿನ ಒಳಗೂ ತೊಡೆಯ ಮೂಳೆಯಂತಹ ಗಟ್ಟಿ ಎಲುಬಿನ ಒಳಗೂ ಇರುವ ಕೋಶಗಳನ್ನು ಹೊರಗಿನ ಗಡಸು ಕವಚವು ಬೆಂಕಿಯಿಂದಲೂ ನೀರಿನಿಂದಲೂ ಬಹುಮಟ್ಟಿಗೆ ಕಾಯುತ್ತದೆ.

ಹೀಗೆ ಎಣಿಸಲು ಆರಿಸಿಕೊಂಡ ಒಂದೊಂದು ನೆಲೆಯನ್ನೂ 'ವಂಶವಾಹಿ ಗುರುತು' ಎನ್ನಬಹುದು. ಪ್ರತಿ ಗುರುತಿನಲ್ಲಿಯೂ ಒಬ್ಬ ವ್ಯಕ್ತಿಗೆ ಎರಡು ಸಂಖ್ಯೆಗಳಿರುತ್ತವೆ. ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ಒಬ್ಬ ಬಾಲಕನಲ್ಲಿ ೭ ಮತ್ತು ೯ ಇವೆ, ಅವನ ತಾಯಿಯಲ್ಲಿ ೭ ಮತ್ತು ೧೧ ಇವೆ ಎಂದಿಟ್ಟುಕೊಳ್ಳೋಣ. ೭ ತಾಯಿಯಿಂದ ಬಂದಿದೆ. ಹಾಗಾದರೆ ೯ ತಂದೆಯಿಂದಲೇ ಬಂದಿರಬೇಕು. ತಂದೆಯೆಂದು ಹೇಳಲಾದವನಲ್ಲಿ ೯ ಇಲ್ಲದಿದ್ದರೆ ಸಂದೇಹ ಮೂಡುತ್ತದೆ. ಅಪರೂಪಕ್ಕೆ ಒಂದು ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ತಾನಾಗಿ ಬದಲಾಗುವುದುಂಟು. ಆದುದರಿಂದ ಒಂದೇ ಗುರುತಿನಲ್ಲಿ ತಾಳೆಯಾಗಲಿಲ್ಲವೆಂದು ಪರೀಕ್ಷಕರು ತೀರ್ಪು ಕೊಡುವುದಿಲ್ಲ. ಹಲವು ಗುರುತುಗಳನ್ನು ಒಟ್ಟಿಗೆ ನೋಡುತ್ತಾರೆ. ಅಮೆರಿಕದಲ್ಲಿ ೧೯೯೭ರಲ್ಲಿ ೧೩ ಗುರುತುಗಳನ್ನು ನಿಗದಿಪಡಿಸಲಾಯಿತು. ೨೦೧೭ರಿಂದ ಅವು ೨೦ ಆದವು. ಇವುಗಳ ಜೊತೆಗೆ ಎಕ್ಸ್ ಮತ್ತು ವೈ ವರ್ಣತಂತುಗಳ ಭೇದವನ್ನು ನೋಡಿ ದೇಹವು ಹೆಣ್ಣಿನದೋ ಗಂಡಿನದೋ ಎಂಬುದನ್ನೂ ತಿಳಿಯುತ್ತಾರೆ.

ಹಲವು ಗುರುತುಗಳೇಕೆ ಬೇಕು ಎಂಬುದನ್ನು ಸರಳವಾದ ಗಣಿತದಿಂದ ಅರಿಯಬಹುದು. ಒಂದು ಜನಸಮುದಾಯದಲ್ಲಿ ೭ ಎಂಬ ಸಂಖ್ಯೆ ಐದರಲ್ಲಿ ಒಂದು ಪಾಲು, ೯ ಎಂಬುದು ಹತ್ತರಲ್ಲಿ ಒಂದು ಪಾಲು ಇದೆಯೆಂದು ಉದಾಹರಣೆಗೆ ಭಾವಿಸಿದರೆ, ಎರಡೂ ಒಬ್ಬನಲ್ಲೇ ಕೂಡಿಬರುವ ಸಂಭವವು ಐದನೆಯ ಒಂದು ಗುಣಿಸು ಹತ್ತನೆಯ ಒಂದು. ೭ ತಾಯಿಯಿಂದ ಬಂದಿರಬಹುದು, ತಂದೆಯಿಂದಲೂ ಬಂದಿರಬಹುದು. ಆದುದರಿಂದ ಅದನ್ನು ಇಮ್ಮಡಿಗೊಳಿಸಬೇಕು. ದೊರೆಯುವ ಫಲ ಇಪ್ಪತ್ತೈದರಲ್ಲಿ ಒಂದು. ಅಂದರೆ ಒಂದೇ ಗುರುತನ್ನು ನೋಡಿದರೆ ಇಪ್ಪತ್ತೈದು ಜನರಲ್ಲಿ ಒಬ್ಬನು ಹೊಂದಿಕೆಯಾಗುತ್ತಾನೆ. ಇಂತಹ ಮೂರು ಗುರುತುಗಳನ್ನು ನೋಡಿದರೆ ೧೫,೬೨೫ ಜನರಲ್ಲಿ ಒಬ್ಬನು. ಆರು ಗುರುತುಗಳನ್ನು ನೋಡಿದರೆ ಇಪ್ಪತ್ತನಾಲ್ಕು ಕೋಟಿಗೂ ಹೆಚ್ಚು ಜನರಲ್ಲಿ ಒಬ್ಬನು. ಹದಿನೈದು ಇಪ್ಪತ್ತು ಗುರುತುಗಳು ಹೊಂದಿಕೆಯಾದರೆ, ಅದೇ ಹೊಂದಿಕೆಯುಳ್ಳ ಬೇರೊಬ್ಬನು ಭೂಮಿಯ ಮೇಲೆ ಇರುವ ಸಂಭವವೇ ಇಲ್ಲವೆಂಬಷ್ಟು ಕಡಿಮೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಮಾತ್ರ ಇದಕ್ಕೆ ಹೊರತು. ಈ ಗುರುತುಗಳಿಂದ ಅವರನ್ನು ಬೇರ್ಪಡಿಸಲಾಗದು.

ಆದರೆ ಈ ಲೆಕ್ಕದ ಬುಡದಲ್ಲಿ ಒಂದು ಪ್ರಶ್ನೆಯಿದೆ. 'ಐದರಲ್ಲಿ ಒಂದು', 'ಹತ್ತರಲ್ಲಿ ಒಂದು' ಎಂಬ ಪ್ರಮಾಣವು ಯಾವ ಜನರಲ್ಲಿ? ಎಲ್ಲ ಜನಸಮುದಾಯಗಳಲ್ಲಿಯೂ ಅದು ಒಂದೇ ಅಲ್ಲ. ಬೇರೊಂದು ಸಮುದಾಯದಲ್ಲಿ ೭ ಎಂಬುದು ಅರ್ಧದಷ್ಟು, ೯ ಎಂಬುದು ಮೂರನೆಯ ಒಂದರಷ್ಟು ಇದೆಯೆಂದು ಭಾವಿಸಿದರೆ, ಅಲ್ಲಿ ಪ್ರತಿ ಮೂವರಲ್ಲಿ ಒಬ್ಬನು ಹೊಂದಿಕೆಯಾಗುತ್ತಾನೆ. ಮೂರು ಗುರುತುಗಳನ್ನು ನೋಡಿದರೂ ೨೭ ಜನರಲ್ಲಿ ಒಬ್ಬನು ಹೊಂದಿಕೆಯಾಗುತ್ತಾನೆ. ಮೊದಲ ಸಮುದಾಯದಲ್ಲಿ ೧೫,೬೨೫, ಎರಡನೆಯದರಲ್ಲಿ ೨೭. ಒಂದು ಸಮುದಾಯದ ಕೋಷ್ಟಕವನ್ನು ಹಿಡಿದು ಇನ್ನೊಂದು ಸಮುದಾಯದವನ ವಿಷಯದಲ್ಲಿ ತೀರ್ಮಾನಿಸಿದರೆ ಎಂತಹ ಅನರ್ಥವಾದೀತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನ್ಯಾಯಾಲಯದಲ್ಲಿ ಒಬ್ಬನ ಸ್ವಾತಂತ್ರ್ಯವೇ ಆ ಸಂಖ್ಯೆಯ ಮೇಲೆ ನಿಂತಿರಬಹುದು.

ಭಾರತದಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರವಾದುದು. ತೆಕ್ಕಟ್ಟೆಯ ಪೇಟೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಡೆಯುವವರಲ್ಲಿ ಮೊಗವೀರರು, ಬಿಲ್ಲವರು, ಬಂಟರು, ದೇವಾಡಿಗರು, ಬ್ರಾಹ್ಮಣರು, ಕೊಂಕಣಿಗರು, ಮುಸಲ್ಮಾನರು, ಕ್ರೈಸ್ತರು, ಕೊರಗರು ಮೊದಲಾದವರು ಇರಬಹುದು. ಅವರ ಊರು ಒಂದು, ನೀರು ಒಂದು. ಆದರೆ ಮದುವೆಯ ಸಂಬಂಧಗಳು ತಲೆತಲಾಂತರದಿಂದ ಬಹುಮಟ್ಟಿಗೆ ಆಯಾ ಸಮುದಾಯದೊಳಗೇ ನಡೆದುಬಂದಿವೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯು ೧೯೮೫ರಲ್ಲಿ ಆರಂಭಿಸಿದ ಮಹಾಸಮೀಕ್ಷೆಯು ದೇಶದಲ್ಲಿ ನಾಲ್ಕು ಸಾವಿರದ ಆರುನೂರಕ್ಕೂ ಹೆಚ್ಚು ಸಮುದಾಯಗಳನ್ನು ಗುರುತಿಸಿತು. ಹೊರಗಿನ ಸಂಬಂಧವಿಲ್ಲದೆ ಬೆಳೆದ ಗುಂಪಿನಲ್ಲಿ, ಅದರಲ್ಲೂ ಜನಸಂಖ್ಯೆ ಕಡಿಮೆಯಿರುವ ಬುಡಕಟ್ಟುಗಳಲ್ಲಿ, ಕೆಲವು ಸಂಖ್ಯೆಗಳು ಆಕಸ್ಮಿಕವಾಗಿಯೇ ಹೆಚ್ಚುತ್ತವೆ, ಕೆಲವು ಇಲ್ಲವಾಗುತ್ತವೆ. ಆದುದರಿಂದ ನಮ್ಮ ದೇಶದ ವಿಜ್ಞಾನಿಗಳು ಬೇರೆ ಬೇರೆ ರಾಜ್ಯಗಳ, ಬೇರೆ ಬೇರೆ ಸಮುದಾಯಗಳ ಜನರ ಮಾದರಿಗಳನ್ನು ಪರೀಕ್ಷಿಸಿ, ಯಾವ ಸಂಖ್ಯೆ ಎಲ್ಲಿ ಎಷ್ಟಿದೆ ಎಂಬ ಕೋಷ್ಟಕಗಳನ್ನು ಸಿದ್ಧಪಡಿಸಬೇಕಾಯಿತು.

ದಕ್ಷಿಣ ಭಾರತದ ಹಲವು ಸಮುದಾಯಗಳಲ್ಲಿ ಸೋದರಿಕೆಯ ಮದುವೆಗಳು ರೂಢಿಯಲ್ಲಿವೆ. ಅಕ್ಕನ ಮಗಳನ್ನು ತಮ್ಮನು ವರಿಸುವುದು, ಸೋದರಮಾವನ ಮಗಳನ್ನು ತಂದುಕೊಳ್ಳುವುದು ಇದಕ್ಕೆ ನಿದರ್ಶನ. ಇಂತಹ ಕುಟುಂಬಗಳಲ್ಲಿ ಗಂಡಹೆಂಡಿರು ಮೊದಲೇ ರಕ್ತಸಂಬಂಧಿಗಳಾದುದರಿಂದ ಅವರಲ್ಲಿ ಸಮಾನವಾದ ಸಂಖ್ಯೆಗಳು ಹೆಚ್ಚಾಗಿರುತ್ತವೆ. ಅಣ್ಣ ಯಾರು, ತಮ್ಮ ಯಾರು, ಮಾವ ಯಾರು ಎಂಬುದನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ. ಪರೀಕ್ಷಕನು ಕುಟುಂಬದ ಸಂಬಂಧಗಳನ್ನು ಮೊದಲೇ ಕೇಳಿ ತಿಳಿದಿರಬೇಕು. ಹೆಚ್ಚು ಗುರುತುಗಳನ್ನು ಪರೀಕ್ಷಿಸಬೇಕು. ಹೀಗೆ ಪ್ರಯೋಗಾಲಯದ ವಿಜ್ಞಾನವೂ ನಾಡಿನ ಮದುವೆಯ ಪದ್ಧತಿಯನ್ನು ಅರಿಯದೆ ಮುಂದುವರಿಯಲಾರದು.

ಇಷ್ಟರಿಂದ ಡಿ.ಎನ್.ಎ.ಯಲ್ಲಿ ಜಾತಿಯ ಮುದ್ರೆಯಿದೆಯೆಂದು ಯಾರೂ ಭ್ರಮಿಸಬಾರದು. ಒಂದು ಸಂಖ್ಯೆ ಒಂದು ಸಮುದಾಯದಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆ ಇರುತ್ತದೆಯೇ ಹೊರತು ಒಂದೇ ಸಮುದಾಯದ ಸ್ವತ್ತಾಗಿರುವುದಿಲ್ಲ. ಮನುಷ್ಯರ ನಡುವಣ ಒಟ್ಟು ಭೇದದಲ್ಲಿ ಬಹುಪಾಲು ಒಂದೇ ಜನಸಮುದಾಯದ ವ್ಯಕ್ತಿಗಳ ನಡುವೆಯೇ ಇದೆಯೆಂದೂ, ಸಮುದಾಯ ಸಮುದಾಯಗಳ ನಡುವೆ ಇರುವುದು ಸ್ವಲ್ಪವೇ ಎಂದೂ ಅಮೆರಿಕದ ವಿಜ್ಞಾನಿ ರಿಚರ್ಡ್ ಲೆವಾಂಟಿನ್ ೧೯೭೨ರಲ್ಲಿ ತೋರಿಸಿದನು. ಗುರುತಿಗಾಗಿ ಎಣಿಸುವ ಈ ಆವರ್ತನೆಗಳು ವ್ಯಕ್ತಿಯ ಬುದ್ಧಿಯನ್ನಾಗಲಿ, ಗುಣವನ್ನಾಗಲಿ ಸೂಚಿಸುವಂತಹವಲ್ಲ. ಅವುಗಳಲ್ಲಿ ಮೇಲುಕೀಳುಗಳಿಗೆ ಎಡೆಯಿಲ್ಲ.

ಕೆಲವು ವೇಳೆ ತಾಯಿತಂದೆಗಳ ಮಾದರಿ ದೊರೆಯುವುದಿಲ್ಲ. ಆಗ ಇನ್ನೆರಡು ಬಗೆಯ ಗುರುತುಗಳು ನೆರವಿಗೆ ಬರುತ್ತವೆ. ಕರಾವಳಿಯ ಅಳಿಯಸಂತಾನ ಪದ್ಧತಿಯನ್ನು ಬಲ್ಲವರಿಗೆ ಮೊದಲನೆಯದನ್ನು ತಿಳಿಯುವುದು ಸುಲಭ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ 'ಬಳಿ' ಎಂಬುದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಗಂಡುಮಕ್ಕಳೂ ತಾಯಿಯ ಬಳಿಯವರೇ. ಆದರೆ ಅವರು ಅದನ್ನು ತಮ್ಮ ಮಕ್ಕಳಿಗೆ ಕೊಡಲಾರರು. ಜೀವಕೋಶದ ಮೈಟೊಕಾಂಡ್ರಿಯ ಎಂಬ ಕಣದಲ್ಲಿರುವ ಡಿ.ಎನ್.ಎ.ಯ ನಡೆಯೂ ಇಂತಹುದೇ. ಅದು ತಾಯಿಯಿಂದ ಮಾತ್ರ ಬರುತ್ತದೆ. ಅಜ್ಜಿ, ತಾಯಿ, ಸೋದರಮಾವ, ಚಿಕ್ಕಮ್ಮ, ಮಗಳು, ಮಗ ಎಲ್ಲರಲ್ಲಿಯೂ ಅದು ಸಾಮಾನ್ಯವಾಗಿ ಒಂದೇ. ಅದರ ಉದ್ದ ೧೬,೫೬೯ ಅಕ್ಷರಗಳಷ್ಟು. ಒಂದೊಂದು ಕೋಶದಲ್ಲಿ ಅದರ ನೂರಾರು ಪ್ರತಿಗಳಿರುವುದರಿಂದ ಹಳೆಯ ಎಲುಬಿನಲ್ಲೂ ಅದು ದೊರೆಯುವ ಸಂಭವ ಹೆಚ್ಚು. ಇನ್ನೊಂದು ಬಗೆಯ ಗುರುತು ವೈ ವರ್ಣತಂತುವಿನದು. ಗೋತ್ರವು ತಂದೆಯಿಂದ ಮಗನಿಗೆ ಬರುವಂತೆ ಇದೂ ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಆದರೆ ಈ ಎರಡೂ ಒಂದು ವಂಶವನ್ನು ತೋರಿಸುತ್ತವೆಯೇ ಹೊರತು ಒಬ್ಬ ವ್ಯಕ್ತಿಯನ್ನಲ್ಲ.

ಇದೇ ಪಶ್ಚಿಮ ಕರಾವಳಿಯ ಗೋವೆಯಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನ ದೊರೆತಿದೆ. ಜಾರ್ಜಿಯ ದೇಶದ ರಾಣಿ ಕೆಟೆವಾನ್ ೧೬೨೪ರಲ್ಲಿ ಪರ್ಷಿಯದಲ್ಲಿ ಕೊಲೆಯಾದಳು. ಆಕೆಯ ಅವಶೇಷಗಳನ್ನು ಪಾದ್ರಿಗಳು ಹಳೆಯ ಗೋವೆಯ ಸಂತ ಅಗಸ್ಟಿನರ ಇಗರ್ಜಿಗೆ ತಂದರೆಂದು ದಾಖಲೆಗಳು ಹೇಳುತ್ತಿದ್ದವು. ಪಾಳುಬಿದ್ದ ಆ ಇಗರ್ಜಿಯಲ್ಲಿ ದೊರೆತ ಎಲುಬನ್ನು ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರವು ಪರೀಕ್ಷಿಸಿತು. ಅದರಲ್ಲಿ ಕಂಡ ತಾಯಿವಂಶದ ಗುರುತು, ಹೋಲಿಕೆಗೆ ತೆಗೆದುಕೊಂಡ ಸಾವಿರಾರು ಭಾರತೀಯರಲ್ಲಿ ಒಬ್ಬರಲ್ಲಿಯೂ ಇರಲಿಲ್ಲ. ಜಾರ್ಜಿಯದ ಜನರಲ್ಲಿ ಇತ್ತು. ೨೦೨೧ರಲ್ಲಿ ಆ ಅವಶೇಷವನ್ನು ಭಾರತವು ಜಾರ್ಜಿಯಕ್ಕೆ ಒಪ್ಪಿಸಿತು. ಭಾರತದ ಹಲವು ಜನಸಮುದಾಯಗಳ ಕೋಷ್ಟಕಗಳು ಮೊದಲೇ ಸಿದ್ಧವಿಲ್ಲದಿದ್ದರೆ ಈ ನಿರ್ಣಯಕ್ಕೆ ಬೆಲೆ ಇರುತ್ತಿರಲಿಲ್ಲ.

ಮಂಗಳೂರಿನ ದುರಂತಕ್ಕೆ ಮತ್ತೆ ಬರೋಣ. ಪರೀಕ್ಷೆಯ ಫಲವಾಗಿ ಹಲವು ದೇಹಗಳಿಗೆ ಹೆಸರು ದೊರೆಯಿತು. ಅವು ತಮ್ಮ ತಮ್ಮ ಮನೆಗಳನ್ನು ಸೇರಿದವು. ಆದರೂ ಹನ್ನೆರಡು ದೇಹಗಳ ಗುರುತು ಸಿಗಲಿಲ್ಲ. ಅವುಗಳನ್ನು ಮಂಗಳೂರಿನ ಹೊರವಲಯದ ಕೂಳೂರಿನ ಬಳಿ, ಫಲ್ಗುಣಿ ನದಿಯ ದಡದಲ್ಲಿ ಒಟ್ಟಾಗಿ ಸಮಾಧಿ ಮಾಡಲಾಯಿತು. ಅಲ್ಲಿ ಮಡಿದವರ ಸ್ಮಾರಕವಿದೆ. ವಂಶವಾಹಿಯ ವಿದ್ಯೆಗೂ ಒಂದು ಎಲ್ಲೆಯಿದೆ ಎಂಬುದನ್ನು ಆ ಸ್ಥಳವು ನೆನಪಿಸುತ್ತದೆ. ದೇಹದ ಮಾದರಿಯೊಂದರಿಂದಲೇ ಹೆಸರು ಹೊರಡುವುದಿಲ್ಲ. ಅದರೊಡನೆ ತಾಳೆನೋಡಲು ಸರಿಯಾದ ಬಂಧುವಿನ ಮಾದರಿ ಬೇಕು. ದುಃಖದ ಆವೇಗದಲ್ಲಿ ಒಂದು ಮನೆಯವರು ಕಣ್ಣಂದಾಜಿನಿಂದ ತಪ್ಪು ದೇಹವನ್ನು ಕೊಂಡೊಯ್ದು ಸಂಸ್ಕಾರ ಮಾಡಿದರೆ, ಆ ದೇಹದ ನಿಜವಾದ ವಾರಸುದಾರರು ಎಷ್ಟು ರಕ್ತ ಕೊಟ್ಟರೂ ತಾಳೆಯಾಗುವ ದೇಹ ಅವರಿಗೆ ದೊರೆಯಲಾರದು. ಆದುದರಿಂದಲೇ ಇಂತಹ ಸಂದರ್ಭಗಳಲ್ಲಿ ದೇಹಗಳನ್ನು ಒಪ್ಪಿಸುವ ಮೊದಲೇ ಪ್ರತಿಯೊಂದರಿಂದಲೂ ಮಾದರಿಯನ್ನು ತೆಗೆದಿರಿಸಬೇಕೆಂದು ತಜ್ಞರು ಒತ್ತಿ ಹೇಳುತ್ತಾರೆ. ಅವಸರದ ಕರುಣೆಗಿಂತ ತಾಳ್ಮೆಯ ಕರುಣೆ ಮೇಲು.

ಈ ಸಾಕ್ಷ್ಯವು ಎಷ್ಟು ಪ್ರಬಲವೋ ಅಷ್ಟೇ ಸೂಕ್ಷ್ಮವಾದುದು. ಜರ್ಮನಿ, ಆಸ್ಟ್ರಿಯ ಮೊದಲಾದ ದೇಶಗಳಲ್ಲಿ ನಡೆದ ಹಲವಾರು ಅಪರಾಧಗಳ ಸ್ಥಳದಲ್ಲಿ ಒಬ್ಬಳೇ ಹೆಂಗಸಿನ ಡಿ.ಎನ್.ಎ. ದೊರೆತು, ಪೊಲೀಸರು ಆ ಅಜ್ಞಾತ ಅಪರಾಧಿನಿಯನ್ನು ವರ್ಷಗಟ್ಟಲೆ ಹುಡುಕಿದರು. ೨೦೦೯ರಲ್ಲಿ ಸತ್ಯ ಹೊರಬಿದ್ದಿತು. ಮಾದರಿ ತೆಗೆಯಲು ಬಳಸುತ್ತಿದ್ದ ಹತ್ತಿಯ ಕಡ್ಡಿಗಳೇ, ಅವುಗಳನ್ನು ಸಿದ್ಧಪಡಿಸುವಲ್ಲಿ ದುಡಿಯುತ್ತಿದ್ದ ನಿರಪರಾಧಿ ಹೆಂಗಸಿನ ಡಿ.ಎನ್.ಎ.ಯಿಂದ ಮಲಿನವಾಗಿದ್ದವು. ಯಂತ್ರ ಸುಳ್ಳು ಹೇಳಿರಲಿಲ್ಲ. ಮನುಷ್ಯರು ಅದಕ್ಕೆ ಕೇಳಿದ ಪ್ರಶ್ನೆ ತಪ್ಪಾಗಿತ್ತು. ಮಾದರಿಯನ್ನು ತೆಗೆದವರು ಯಾರು, ಮೊಹರು ಮಾಡಿದವರು ಯಾರು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆಯಿಲ್ಲದಿದ್ದರೆ ಪ್ರಯೋಗಾಲಯದ ವರದಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಇದರ ಜೊತೆಗೆ ಇನ್ನೊಂದು ವಿಚಾರವೂ ಇದೆ. ಡಿ.ಎನ್.ಎ.ಯು ವ್ಯಕ್ತಿಯೊಬ್ಬನ ಗುಟ್ಟು ಮಾತ್ರವಲ್ಲ, ಅವನ ತಾಯಿತಂದೆ, ಒಡಹುಟ್ಟಿದವರು, ಮಕ್ಕಳ ಗುಟ್ಟೂ ಹೌದು. ಮಗುವಿನ ಪಿತೃತ್ವವನ್ನು ಪ್ರಶ್ನಿಸಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆಜ್ಞಾಪಿಸಲಾಗದು ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೯೩ರಲ್ಲಿ ಹೇಳಿತು. ಒಂದು ಮಗುವಿನ ಮಾನ ಅದರಲ್ಲಿ ಅಡಗಿದೆಯೆಂಬುದನ್ನು ನ್ಯಾಯಾಲಯ ಗಮನಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಅದೇ ನ್ಯಾಯಾಲಯವು ೨೦೧೭ರ ಆಗಸ್ಟ್ ೨೪ರಂದು ಸಾರಿತು. ಡಿ.ಎನ್.ಎ.ಯ ಬಳಕೆಯನ್ನು ನಿಯಂತ್ರಿಸಲು ೨೦೧೯ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು ೨೦೨೩ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಯಾರ ಮಾದರಿಯನ್ನು ತೆಗೆಯಬಹುದು, ಎಷ್ಟು ಕಾಲ ಇರಿಸಿಕೊಳ್ಳಬಹುದು, ಯಾವಾಗ ನಾಶಪಡಿಸಬೇಕು ಎಂಬ ಪ್ರಶ್ನೆಗಳು ವಿಜ್ಞಾನಿಗಳಿಗೆ ಮಾತ್ರ ಸೇರಿದವಲ್ಲ, ಪ್ರಜೆಗಳೆಲ್ಲರೂ ಯೋಚಿಸಬೇಕಾದವು.

ಬಂಗಾಳದ ಕರಾರುಪತ್ರದ ಮೇಲಿನ ಅಂಗೈಯ ಮುದ್ರೆಯಿಂದ ಸುಟ್ಟ ಎಲುಬಿನೊಳಗಿನ ಅಕ್ಷರಗಳವರೆಗೆ ಗುರುತಿನ ವಿದ್ಯೆಯು ಬಹುದೂರ ಸಾಗಿಬಂದಿದೆ. ಬೆಂಕಿಯೂ ಅಳಿಸಲಾರದ ಬರಹವನ್ನು ಓದಲು ಮಾನವನು ಕಲಿತಿದ್ದಾನೆ. ಆ ಬರಹವನ್ನು ಓದುವವನಿಗೆ ಗಣಿತದ ನಿಖರತೆ ಬೇಕು, ತನ್ನ ನಾಡಿನ ಜನಜೀವನದ ಅರಿವು ಬೇಕು, ಕೈಯಲ್ಲಿ ಶುಚಿ ಬೇಕು, ಮನಸ್ಸಿನಲ್ಲಿ ನ್ಯಾಯಬುದ್ಧಿ ಬೇಕು. ಇವು ಕೂಡಿದಾಗ ನಿರಪರಾಧಿಗೆ ಬಿಡುಗಡೆಯೂ, ಅಪರಾಧಿಗೆ ಶಿಕ್ಷೆಯೂ, ದಾರಿ ಕಾಯುವ ಮನೆಗೆ ಉತ್ತರವೂ ದೊರೆಯುತ್ತವೆ. ಮಡಿದವನಿಗೆ ಪ್ರಾಣವನ್ನು ಮರಳಿ ಕೊಡುವ ಶಕ್ತಿ ಯಾವ ವಿಜ್ಞಾನಕ್ಕೂ ಇಲ್ಲ. ಅವನ ಹೆಸರನ್ನು ಅವನಿಗೆ ಮರಳಿಸುವುದು ಮಾತ್ರ ಅದರಿಂದ ಸಾಧ್ಯ. ಉಳಿದವರ ಪಾಲಿಗೆ ಅದು ಸಣ್ಣ ಉಪಕಾರವಲ್ಲ.